ಇನ್‌ಲೇ ಮತ್ತು ಆನ್‌ಲೇ (ದಂತಚಿಕಿತ್ಸೆ)

ಇನ್‌ಲೇ ಮತ್ತು ಆನ್‌ಲೇ ಎಂಬುವು ಹುಳುಕಿನಿಂದಲೋ ಬಿರುಕಿನಿಂದಲೋ ಭಾಗಶಃ ಹಾಳಾದ ಹಲ್ಲನ್ನು ಸರಿಪಡಿಸಲು ಬಾಯಿಯ ಹೊರಗೆ ತಯಾರಿಸಿ, ಅನಂತರ ಹಲ್ಲಿಗೆ ಅಂಟಿಸುವ ಗಟ್ಟಿ ತುಣುಕುಗಳು. ಇವನ್ನು ಹೆಚ್ಚಾಗಿ ಅಗಿಯುವ ಹಲ್ಲುಗಳಲ್ಲಿ, ಅಂದರೆ ದವಡೆ ಹಲ್ಲುಗಳಲ್ಲಿ ಮತ್ತು ಅವುಗಳ ಮುಂದಿರುವ ಸಣ್ಣ ದವಡೆ ಹಲ್ಲುಗಳಲ್ಲಿ ಬಳಸುತ್ತಾರೆ. ಚಿನ್ನದ ಮಿಶ್ರಲೋಹ, ಪಿಂಗಾಣಿ ಜಾತಿಯ ಸೆರಾಮಿಕ್‌ಗಳು ಮತ್ತು ಹಲ್ಲಿನ ಬಣ್ಣದ ಕಾಂಪೋಸಿಟ್ ರಾಳ ಇವುಗಳ ಮುಖ್ಯ ದ್ರವ್ಯಗಳು. ಜನಸಾಮಾನ್ಯರು ‘ಸಿಮೆಂಟ್ ತುಂಬಿಸುವುದು’ ಎಂದು ಕರೆಯುವ ಫಿಲ್ಲಿಂಗ್ ಒಂದು ಕಡೆಗೂ, ಇಡೀ ಹಲ್ಲನ್ನು ಸುತ್ತಲೂ ಅರೆದು ಮುಚ್ಚುವ ಕ್ಯಾಪ್ ಅಥವಾ ಕ್ರೌನ್ ಇನ್ನೊಂದು ಕಡೆಗೂ ಇದ್ದರೆ, ಇನ್‌ಲೇ ಮತ್ತು ಆನ್‌ಲೇಗಳು ಅವೆರಡರ ನಡುವೆ ನಿಲ್ಲುತ್ತವೆ. ಇವುಗಳಲ್ಲಿ ಯಾವುದು ತಕ್ಕದ್ದು ಎಂಬುದು ಹಲ್ಲಿನಲ್ಲಿ ಎಷ್ಟು ದೊಡ್ಡ ಕುಳಿ ಬಿದ್ದಿದೆ ಎಂಬುದಕ್ಕಿಂತ, ಉಳಿದಿರುವ ಹಲ್ಲಿನ ಗೋಡೆಗಳು ಎಷ್ಟು ಗಟ್ಟಿಯಾಗಿವೆ ಎಂಬುದನ್ನು ಅವಲಂಬಿಸಿದೆ.

ವ್ಯತ್ಯಾಸ

ದವಡೆ ಹಲ್ಲಿನ ಮೇಲ್ಮೈ ಸಮತಟ್ಟಾಗಿರುವುದಿಲ್ಲ. ಅಲ್ಲಿ ನಾಲ್ಕೈದು ಉಬ್ಬುಗಳೂ ಅವುಗಳ ನಡುವೆ ಕಣಿವೆಯಂಥ ಗೆರೆಗಳೂ ಇರುತ್ತವೆ. ಈ ಉಬ್ಬುಗಳನ್ನು ದಂತವೈದ್ಯರು ಕಸ್ಪ್ ಎನ್ನುತ್ತಾರೆ. ಸಣ್ಣ ದವಡೆ ಹಲ್ಲುಗಳಲ್ಲಿ ಸಾಮಾನ್ಯವಾಗಿ ಎರಡು ಉಬ್ಬುಗಳಿರುತ್ತವೆ. ಉಬ್ಬುಗಳನ್ನು ಮುಟ್ಟದೆ ಅವುಗಳ ನಡುವಿನ ಕುಳಿಯೊಳಗೇ ಕೂರುವ ತುಣುಕು ಇನ್‌ಲೇ. ಒಂದು ಅಥವಾ ಹೆಚ್ಚು ಉಬ್ಬುಗಳನ್ನು ತಗ್ಗಿಸಿ ಅವುಗಳ ಮೇಲೆ ಹೊದಿಕೆಯಂತೆ ಹರಡುವ ತುಣುಕು ಆನ್‌ಲೇ. ಎಲ್ಲ ಉಬ್ಬುಗಳನ್ನೂ ಮುಚ್ಚಿದರೆ ಅದನ್ನು ಕೆಲವರು ಓವರ್‌ಲೇ ಎಂದು ಪ್ರತ್ಯೇಕವಾಗಿ ಹೆಸರಿಸುತ್ತಾರೆ. ಆಗಲೂ ಹಲ್ಲಿನ ಪಕ್ಕದ ಗೋಡೆಗಳ ಕೆಳಭಾಗವನ್ನು ಅರೆಯದೆ ಬಿಡುವುದರಿಂದ ಅದು ಪೂರ್ಣ ಕ್ರೌನ್ ಅಲ್ಲ.

ಫಿಲ್ಲಿಂಗ್‌ಗೂ ಇವಕ್ಕೂ ಇರುವ ಮೂಲ ಭೇದ ತಯಾರಿಕೆಯಲ್ಲಿದೆ. ಫಿಲ್ಲಿಂಗ್‌ನ ದ್ರವ್ಯ ಮೆತ್ತಗಿರುವಾಗಲೇ ಕುಳಿಗೆ ಸೇರಿ ಅಲ್ಲಿಯೇ ಗಟ್ಟಿಯಾಗುತ್ತದೆ. ಇನ್‌ಲೇ ಮತ್ತು ಆನ್‌ಲೇಗಳು ಗಟ್ಟಿಯಾದ ಮೇಲೆ ಬಾಯಿಗೆ ಬರುತ್ತವೆ. ಹೀಗಾಗಿ ಇವುಗಳನ್ನು ಪರೋಕ್ಷ ಪುನಾರಚನೆಗಳೆಂದು ವರ್ಗೀಕರಿಸುತ್ತಾರೆ. ಕಾಂಪೋಸಿಟ್ ರಾಳ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು ಶೇ. 2ರಿಂದ 3ರಷ್ಟು ಕುಗ್ಗುತ್ತದೆ. ಸಣ್ಣ ಕುಳಿಯಲ್ಲಿ ಇದನ್ನು ಪದರ ಪದರವಾಗಿ ತುಂಬಿ ನಿಭಾಯಿಸಬಹುದು. ದೊಡ್ಡ ಕುಳಿಯಲ್ಲಿ ಆ ಕುಗ್ಗುವಿಕೆ ಎದುರುಬದುರಿನ ಗೋಡೆಗಳನ್ನು ಒಳಕ್ಕೆಳೆಯುತ್ತದೆ, ಇಲ್ಲವೆ ಅಂಚಿನಲ್ಲಿ ಕಣ್ಣಿಗೆ ಕಾಣದ ಸಂದು ಬಿಡಿಸುತ್ತದೆ. ಪರೋಕ್ಷ ವಿಧಾನದಲ್ಲಿ ಕುಗ್ಗುವುದು ನಡುವಿನ ತೆಳುವಾದ ಅಂಟಿನ ಪದರ ಮಾತ್ರ.

ಹಲ್ಲು ಒಡೆಯುವ ಬಗೆ

ಆಯ್ಕೆಯ ತರ್ಕ ಅರ್ಥವಾಗಬೇಕಾದರೆ ಹಲ್ಲು ಹೇಗೆ ದುರ್ಬಲಗೊಳ್ಳುತ್ತದೆ ಎಂಬುದನ್ನು ತಿಳಿಯಬೇಕು. ಹಲ್ಲಿನ ಮೇಲ್ಮೈಯ ಹಿಂದಿನ ಮತ್ತು ಮುಂದಿನ ತುದಿಗಳಲ್ಲಿ, ಅಂದರೆ ನೆರೆಯ ಹಲ್ಲುಗಳನ್ನು ಮುಟ್ಟುವ ಕಡೆಗಳಲ್ಲಿ, ಒಂದೊಂದು ಏಣು ಇರುತ್ತದೆ. ಕೆನ್ನೆಯ ಕಡೆಯ ಉಬ್ಬುಗಳನ್ನು ನಾಲಿಗೆಯ ಕಡೆಯ ಉಬ್ಬುಗಳೊಡನೆ ಕಟ್ಟಿ ಹಿಡಿಯುವ ಪಟ್ಟಿಗಳು ಇವೇ. ಪೀಪಾಯಿಯ ಹಲಗೆಗಳನ್ನು ಹಿಡಿದಿಡುವ ಕಬ್ಬಿಣದ ಬಳೆಯಂತೆ ಇವು ಕೆಲಸ ಮಾಡುತ್ತವೆ. ಹುಳುಕು ಹಲ್ಲುಗಳ ಸಂದಿನಲ್ಲಿ ಹುಟ್ಟಿ ಒಂದು ಏಣನ್ನು ತಿಂದರೆ ಹಲ್ಲು ಸಡಿಲಗೊಳ್ಳುತ್ತದೆ. ಎರಡನ್ನೂ ತಿಂದರೆ ಉಬ್ಬುಗಳು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗೋಡೆಗಳಾಗುತ್ತವೆ. ಆಹಾರ ಕಚ್ಚಿದಾಗಲೆಲ್ಲ ಅವು ಸೂಕ್ಷ್ಮವಾಗಿ ಹೊರಕ್ಕೆ ಬಾಗಿ ಮತ್ತೆ ಒಳಕ್ಕೆ ಬರುತ್ತವೆ. ವರ್ಷಗಟ್ಟಲೆ ಹೀಗೆ ಬಾಗಿದ ಗೋಡೆಯ ಬುಡದಲ್ಲಿ ಬಿರುಕು ಹುಟ್ಟುತ್ತದೆ.

ಕಿತ್ತ ಸಣ್ಣ ದವಡೆ ಹಲ್ಲುಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ, ಇಂದಿಗೂ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಒಂದು ಅಧ್ಯಯನ ಇದನ್ನು ಅಳೆದು ತೋರಿಸಿತು. ರೂಟ್ ಕೆನಾಲ್ ಚಿಕಿತ್ಸೆಯಿಂದಷ್ಟೇ ಹಲ್ಲಿನ ಬಿಗುವು ಶೇ. 5ರಷ್ಟು ತಗ್ಗಿತು. ಮೇಲ್ಮೈಯ ನಡುವೆ ಮಾತ್ರ ಕೊರೆದ ಕುಳಿಯಿಂದ ಶೇ. 20ರಷ್ಟು ತಗ್ಗಿತು. ಎರಡೂ ಏಣುಗಳನ್ನು ತೆಗೆದ ಕುಳಿಯಿಂದ ಶೇ. 63ರಷ್ಟು ತಗ್ಗಿತು. ರೂಟ್ ಕೆನಾಲ್ ಮಾಡಿಸಿದ ಹಲ್ಲು ‘ಒಣಗಿ’ ಪುಡಿಯಾಗುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಈ ಅಂಕಿಗಳು ಹೊಂದುವುದಿಲ್ಲ. ಹಲ್ಲು ಒಡೆಯುವುದು ಮುಖ್ಯವಾಗಿ ಕಳೆದುಹೋದ ಏಣುಗಳಿಂದ ಮತ್ತು ತೆಳುವಾದ ಗೋಡೆಗಳಿಂದ.

ಬಿರುಕು ಬಿಟ್ಟ ಉಬ್ಬಿಗೆ ಒಂದು ವಿಶಿಷ್ಟ ಲಕ್ಷಣವಿದೆ. ಗಟ್ಟಿ ಪದಾರ್ಥವನ್ನು ಕಚ್ಚಿ ಬಿಡುವ ಕ್ಷಣದಲ್ಲಿ ಚುಚ್ಚಿದಂಥ ನೋವು ಬಂದು ತಕ್ಷಣ ಮಾಯವಾಗುತ್ತದೆ. ಇಂಥ ಬಿರುಕು ಕ್ಷಕಿರಣ ಚಿತ್ರದಲ್ಲಿ ಬಹುತೇಕ ಕಾಣುವುದಿಲ್ಲ. ಆದ್ದರಿಂದ ವೈದ್ಯರು ಒಂದೊಂದೇ ಉಬ್ಬಿನ ಮೇಲೆ ಸಣ್ಣ ಸಾಧನವನ್ನಿಟ್ಟು ಕಚ್ಚಿಸಿ ಪರೀಕ್ಷಿಸುತ್ತಾರೆ.

ಆಯ್ಕೆಯ ಆಧಾರಗಳು

ಕುಳಿ ಚಿಕ್ಕದಾಗಿದ್ದು ಏಣುಗಳು ಉಳಿದಿದ್ದರೆ ನೇರ ಫಿಲ್ಲಿಂಗ್ ಸಾಕು. ಅಲ್ಲಿ ಇನ್‌ಲೇ ಮಾಡುವುದೆಂದರೆ, ತುಣುಕು ಒಳಗೆ ಇಳಿಯಲು ದಾರಿಯಾಗಲೆಂದು ಆರೋಗ್ಯವಾಗಿರುವ ಹಲ್ಲನ್ನೂ ಕೊರೆಯಬೇಕಾಗುತ್ತದೆ. ಫಿಲ್ಲಿಂಗ್‌ಗಾಗಿ ಮಾಡಿದ ಕುಳಿ ಒಳಗೆ ಅಗಲವಾಗಿ ಬಾಯಲ್ಲಿ ಕಿರಿದಾಗಿದ್ದರೂ ನಡೆಯುತ್ತದೆ. ಇನ್‌ಲೇಯ ಕುಳಿ ಮಾತ್ರ ಮೇಲ್ಮುಖವಾಗಿ ಸ್ವಲ್ಪ ಅಗಲಿಸುತ್ತಲೇ ಹೋಗಬೇಕು, ಇಲ್ಲವಾದರೆ ಗಟ್ಟಿ ತುಣುಕು ಒಳಹೋಗದು. ಕಾಂಪೋಸಿಟ್ ರಾಳದ ನೇರ ಫಿಲ್ಲಿಂಗ್‌ಗಳನ್ನು ಅದೇ ದ್ರವ್ಯದ ಇನ್‌ಲೇಗಳೊಡನೆ ಹೋಲಿಸಿದ ವ್ಯವಸ್ಥಿತ ವಿಮರ್ಶೆಗಳು ಬಾಳಿಕೆಯಲ್ಲಿ ಗಮನಾರ್ಹ ಅಂತರವನ್ನು ಕಂಡಿಲ್ಲ. ಹೀಗಿರುವಾಗ ‘ಇನ್‌ಲೇ ದುಬಾರಿ, ಆದ್ದರಿಂದ ಫಿಲ್ಲಿಂಗ್‌ಗಿಂತ ಉತ್ತಮ’ ಎಂಬ ಭಾವನೆಗೆ ಆಧಾರ ತೆಳುವಾಗಿದೆ. ಶುದ್ಧ ಇನ್‌ಲೇಗಳ ಬಳಕೆ ಇತ್ತೀಚಿನ ದಶಕಗಳಲ್ಲಿ ತಗ್ಗಿ, ಆನ್‌ಲೇಗಳ ಬಳಕೆ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಇನ್‌ಲೇಗೆ ಇನ್ನೊಂದು ಮಿತಿಯೂ ಇದೆ. ಅದು ಗೋಡೆಗಳ ನಡುವೆ ಕೂರುತ್ತದೆಯೇ ಹೊರತು ಅವುಗಳನ್ನು ಮೇಲಿನಿಂದ ಹಿಡಿದಿಡುವುದಿಲ್ಲ. ಸೌದೆಯ ಸೀಳಿನಲ್ಲಿ ಬಡಿದ ಬೆಣೆಯಂತೆ ವರ್ತಿಸುವ ಅಪಾಯ ಚಿನ್ನದ ಇನ್‌ಲೇಗಳ ಕಾಲದಿಂದಲೂ ತಿಳಿದದ್ದೇ. ಹಲ್ಲಿಗೆ ಗಟ್ಟಿಯಾಗಿ ಅಂಟುವ ಇಂದಿನ ಇನ್‌ಲೇಗಳಲ್ಲಿ ಆ ಅಪಾಯ ಕಡಿಮೆಯಾದರೂ ತೆಳ್ಳನೆಯ ಗೋಡೆಯ ವಿಷಯದಲ್ಲಿ ಪೂರ್ತಿ ಇಲ್ಲವಾಗಿಲ್ಲ.

ಆನ್‌ಲೇಯ ಸರದಿ ಬರುವುದು ಇಲ್ಲಿ. ಕುಳಿಯನ್ನು ಸ್ವಚ್ಛಗೊಳಿಸಿದ ಮೇಲೆ ಉಳಿದ ಉಬ್ಬಿನ ಬುಡದ ದಪ್ಪವನ್ನು ಅಳೆಯುತ್ತಾರೆ. ಸಾಮಾನ್ಯ ರೂಢಿಯಂತೆ ಅದು 2 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಆ ಉಬ್ಬನ್ನು ತಗ್ಗಿಸಿ ಹೊದಿಸುವುದು ಲೇಸು. ಅಗಿಯುವ ಭಾರವನ್ನು ಹೆಚ್ಚಾಗಿ ಹೊರುವ ಉಬ್ಬುಗಳಿಗೆ, ಅಂದರೆ ಮೇಲ್ದವಡೆಯಲ್ಲಿ ಅಂಗುಳಿನ ಕಡೆಯ ಮತ್ತು ಕೆಳದವಡೆಯಲ್ಲಿ ಕೆನ್ನೆಯ ಕಡೆಯ ಉಬ್ಬುಗಳಿಗೆ, ಇನ್ನೂ ಹೆಚ್ಚಿನ ದಪ್ಪವನ್ನು ಅಪೇಕ್ಷಿಸುತ್ತಾರೆ. ಎರಡೂ ಏಣುಗಳು ಹೋಗಿದ್ದು ರೂಟ್ ಕೆನಾಲ್ ಚಿಕಿತ್ಸೆಯೂ ಆಗಿರುವ ಹಲ್ಲಿನಲ್ಲಿ ಉಬ್ಬುಗಳನ್ನು ಮುಚ್ಚದೆ ಬಿಡುವುದನ್ನು ಬಹುತೇಕ ತಜ್ಞರು ಒಪ್ಪುವುದಿಲ್ಲ. ಅಂಥ ಹಲ್ಲು ಸೀಳಿದಾಗ ಬಿರುಕು ಎಷ್ಟೋ ಸಲ ಬೇರಿನವರೆಗೂ ಇಳಿಯುತ್ತದೆ. ಆಗ ಉಳಿಯುವ ದಾರಿ ಹಲ್ಲು ಕೀಳುವುದೊಂದೇ.

ಹಾಗಾದರೆ ಇಂಥ ಹಲ್ಲಿಗೆಲ್ಲ ಕ್ರೌನ್ ಏಕೆ ಹಾಕಬಾರದು ಎಂಬ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ರೂಟ್ ಕೆನಾಲ್ ಆದ ಹಲ್ಲಿಗೆ ‘ಕ್ಯಾಪ್ ಹಾಕಿಸುವುದು’ ಬಹುಮಟ್ಟಿಗೆ ರೂಢಿಯೇ ಆಗಿದೆ. ಕ್ರೌನ್‌ಗಾಗಿ ಹಲ್ಲನ್ನು ಸುತ್ತಲೂ ಅರೆಯಬೇಕು. ಅಗಿಯುವ ಹಲ್ಲುಗಳ ಮೇಲಿನ ಅಳತೆಗಳ ಪ್ರಕಾರ, ಒಸಡಿನ ಮೇಲೆ ಕಾಣುವ ಹಲ್ಲಿನ ತೂಕದಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಪೂರ್ಣ ಕ್ರೌನ್‌ನ ತಯಾರಿಯಲ್ಲೇ ಹೋಗಬಹುದು. ಇನ್‌ಲೇ ಮತ್ತು ಆನ್‌ಲೇಗಳ ತಯಾರಿಯಲ್ಲಿ ಹೋಗುವುದು ಅದಕ್ಕಿಂತ ಬಹಳ ಕಡಿಮೆ. ಹುಳುಕು ತಿನ್ನದೆ ಬಿಟ್ಟ ಗಟ್ಟಿ ಗೋಡೆಗಳನ್ನು ಚಿಕಿತ್ಸೆಯೇ ತೆಗೆದುಹಾಕುವ ಈ ವಿರೋಧಾಭಾಸವೇ ಆನ್‌ಲೇಯ ಪರವಾದ ಮುಖ್ಯ ವಾದ. ಜೀವಂತ ತಿರುಳಿರುವ ಹಲ್ಲಿನಲ್ಲಿ ಇದರ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಆಳವಾಗಿ ಅರೆದಷ್ಟೂ ತಿರುಳಿಗೆ ಪೆಟ್ಟು ಬೀಳುವ ಸಂಭವವಿರುತ್ತದೆ. ಯಾವ ಪುನಾರಚನೆಯೂ ಶಾಶ್ವತವಲ್ಲ. ಫಿಲ್ಲಿಂಗ್ ಹೋದರೆ ದೊಡ್ಡ ಫಿಲ್ಲಿಂಗ್, ಅದು ಹೋದರೆ ಕ್ರೌನ್, ಅದೂ ಹೋದರೆ ಹಲ್ಲೇ ಇಲ್ಲ ಎಂಬ ಸರಣಿಯಲ್ಲಿ ಪ್ರತಿ ಹಂತವೂ ಹಿಂದಿನದಕ್ಕಿಂತ ಹೆಚ್ಚು ಹಲ್ಲನ್ನು ಕೇಳುತ್ತದೆ. ಮೂವತ್ತರ ಹರೆಯದಲ್ಲಿ ಆನ್‌ಲೇ ಪಡೆದವರಿಗೆ ಮುಂದೆ ಕ್ರೌನ್‌ನ ಅವಕಾಶ ಉಳಿದಿರುತ್ತದೆ, ಆಗಲೇ ಕ್ರೌನ್ ಪಡೆದವರಿಗೆ ಹಿಂದಿರುಗುವ ದಾರಿಯಿಲ್ಲ.

ಕ್ರೌನ್ ಅನಿವಾರ್ಯವಾಗುವ ಸಂದರ್ಭಗಳೂ ಇವೆ. ಗೋಡೆಗಳೆಲ್ಲ ಒಸಡಿನ ಮಟ್ಟಕ್ಕೆ ಕುಸಿದಿದ್ದರೆ ಆನ್‌ಲೇ ಅಂಟಲು ಸಾಕಷ್ಟು ದಂತಕವಚವೇ ಇರುವುದಿಲ್ಲ. ಹಲ್ಲಿನ ಹೊರಪದರವಾದ ದಂತಕವಚಕ್ಕೆ ಅಂಟು ಬಲವಾಗಿ ಹಿಡಿಯುತ್ತದೆ. ಒಳಗಿನ ಡೆಂಟಿನ್ ತೇವದಿಂದ ಕೂಡಿರುವುದರಿಂದ ಅಲ್ಲಿ ಹಿಡಿತ ಅಷ್ಟು ಭರವಸೆಯದಲ್ಲ. ಕುಳಿಯ ಅಂಚು ಒಸಡಿನ ಕೆಳಗೆ ಇಳಿದಿದ್ದು ರಕ್ತ ಮತ್ತು ಲಾಲಾರಸವನ್ನು ತಡೆಯಲಾಗದಿದ್ದರೂ ಅಂಟಿಸುವ ವಿಧಾನ ಸೋಲುತ್ತದೆ. ಇಂಥಲ್ಲಿ ಆಳದ ಅಂಚನ್ನು ಮೊದಲು ಕಾಂಪೋಸಿಟ್‌ನಿಂದ ಎತ್ತರಿಸಿಕೊಂಡು, ಅದರ ಮೇಲೆ ಆನ್‌ಲೇ ಕೂರಿಸುವ ಕ್ರಮವೂ ಬಳಕೆಯಲ್ಲಿದೆ. ಬಾಯಿಯಲ್ಲಿ ಹೊಸ ಹುಳುಕುಗಳು ಹುಟ್ಟುತ್ತಲೇ ಇರುವವರಲ್ಲಿ ಮೊದಲು ಆ ಪ್ರವೃತ್ತಿಯನ್ನು ಹತೋಟಿಗೆ ತಂದು, ಅಲ್ಲಿಯವರೆಗೆ ಸರಳ ಫಿಲ್ಲಿಂಗ್‌ನಿಂದ ಕಾಯುವುದು ವಾಡಿಕೆ.

ಅಗಿಯುವ ಅಭ್ಯಾಸಗಳೂ ಲೆಕ್ಕಕ್ಕೆ ಬರುತ್ತವೆ. ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲುಗಳ ಮೇಲೆ ಬೀಳುವ ಒತ್ತಡ ಊಟದ ಒತ್ತಡಕ್ಕಿಂತ ಎಷ್ಟೋ ಹೆಚ್ಚು. ಅಡಿಕೆ ಬೆಳೆಯುವ ಮತ್ತು ತಾಂಬೂಲ ಹಾಕುವ ಕರ್ನಾಟಕದಂಥ ಪ್ರದೇಶಗಳಲ್ಲಿ ಇದಕ್ಕೆ ಸಮಾನವಾದ ಇನ್ನೊಂದು ಕಾರಣವಿದೆ. ಗಟ್ಟಿ ಅಡಿಕೆಯನ್ನು ವರ್ಷಾನುಗಟ್ಟಲೆ ಅಗಿಯುವವರಲ್ಲಿ ದವಡೆ ಹಲ್ಲುಗಳ ಉಬ್ಬುಗಳು ಸವೆದು ಚಪ್ಪಟೆಯಾಗುತ್ತವೆ, ಬಿರುಕುಗಳೂ ಕಾಣಿಸುತ್ತವೆ. ಇಂಥವರಿಗೆ ಸುಲಭವಾಗಿ ಚಕ್ಕೆ ಏಳುವ ತೆಳು ಪಿಂಗಾಣಿಗಿಂತ ಲೋಹ ಅಥವಾ ಹೆಚ್ಚು ಗಟ್ಟಿಯಾದ ಸೆರಾಮಿಕ್ ಹೊಂದುತ್ತದೆ. ಹಲ್ಲು ಕಡಿಯುವವರಿಗೆ ರಾತ್ರಿ ಧರಿಸುವ ರಕ್ಷಾಕವಚವನ್ನೂ ಕೊಡುವುದುಂಟು.

ದ್ರವ್ಯಗಳು

ಚಿನ್ನದ ಮಿಶ್ರಲೋಹ ಈ ಕೆಲಸದ ಹಳೆಯ ದ್ರವ್ಯಗಳಲ್ಲೊಂದು. ತೆಳುವಾದರೂ ಮುರಿಯುವುದಿಲ್ಲ, ಅಂಚುಗಳನ್ನು ಹಲ್ಲಿಗೆ ಒತ್ತಿ ಉಜ್ಜಿ ಸೇರಿಸಬಹುದು, ಎದುರಿನ ಹಲ್ಲನ್ನು ಸವೆಸುವುದೂ ಕಡಿಮೆ. ಚೆನ್ನಾಗಿ ಮಾಡಿದ ಚಿನ್ನದ ಆನ್‌ಲೇ ಹಲವು ದಶಕ ಬಾಳಿದ ನಿದರ್ಶನಗಳು ಸಾಕಷ್ಟಿವೆ. ಬಣ್ಣ ಮತ್ತು ಬೆಲೆ ಅದನ್ನು ಹಿನ್ನೆಲೆಗೆ ಸರಿಸಿವೆ.

ಸೆರಾಮಿಕ್‌ಗಳಲ್ಲಿ ಸಾಂಪ್ರದಾಯಿಕ ಫೆಲ್ಡ್‌ಸ್ಪಾರ್ ಪಿಂಗಾಣಿ ನೋಡಲು ಸುಂದರ, ಆದರೆ ಪೆಡಸು. ಇಂದು ಆನ್‌ಲೇಗಳಿಗೆ ಬಹಳವಾಗಿ ಬಳಕೆಯಾಗುವುದು ಲಿಥಿಯಂ ಡೈಸಿಲಿಕೇಟ್ ಎಂಬ ಗಾಜು-ಸೆರಾಮಿಕ್. ಗಾಜಿನ ನಡುವೆ ಸೂಜಿಯಂಥ ಹರಳುಗಳು ಹೆಣೆದುಕೊಂಡಿರುವುದರಿಂದ ಬಿರುಕು ಸುಲಭವಾಗಿ ಮುಂದುವರಿಯದು. ಅದರಲ್ಲಿನ ಗಾಜನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಕೊರೆದು ಒರಟಾಗಿಸಬಹುದಾದ್ದರಿಂದ ಅಂಟು ಗಟ್ಟಿಯಾಗಿ ಹಿಡಿಯುತ್ತದೆ. ಜಿರ್ಕೋನಿಯಾ ಇನ್ನೂ ಬಲಶಾಲಿ. ಆದರೆ ಅದರಲ್ಲಿ ಗಾಜಿನ ಅಂಶವಿಲ್ಲದ ಕಾರಣ ಆಮ್ಲಕ್ಕೆ ಬಗ್ಗುವುದಿಲ್ಲ, ಅಂಟಿಸಲು ಬೇರೆ ಉಪಾಯ ಬೇಕು. ಹಿಡಿತಕ್ಕಾಗಿ ಅಂಟನ್ನೇ ನಂಬುವ ಆನ್‌ಲೇಯಲ್ಲಿ ಇದು ಸಣ್ಣ ತೊಡಕಲ್ಲ.

ಕಾಂಪೋಸಿಟ್ ರಾಳದ ತುಣುಕುಗಳು ಅಗ್ಗ. ಅವನ್ನು ಬಾಯಿಯಲ್ಲೇ ದುರಸ್ತಿ ಮಾಡಬಹುದು, ಎದುರಿನ ಹಲ್ಲಿಗೂ ಅವು ಮೃದು. ಹೊಳಪು ಕುಂದುವುದೂ ಸವೆಯುವುದೂ ಸೆರಾಮಿಕ್‌ಗಿಂತ ಬೇಗ.

ಪಾದರಸವುಳ್ಳ ಅಮಾಲ್ಗಮ್, ಅಂದರೆ ‘ಬೆಳ್ಳಿ ಫಿಲ್ಲಿಂಗ್’, ದೊಡ್ಡ ಕುಳಿಗಳಿಗೆ ದೀರ್ಘಕಾಲ ಅಗ್ಗದ ಪರ್ಯಾಯವಾಗಿತ್ತು. 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ ಅದರ ಬಳಕೆಯನ್ನು ತಗ್ಗಿಸಲು ಸದಸ್ಯ ದೇಶಗಳಿಗೆ ಹೇಳಿತು. ಭಾರತ ಇದನ್ನು 2018ರಲ್ಲಿ ಅನುಮೋದಿಸಿತು. ಹಳೆಯ ಅಮಾಲ್ಗಮ್ ತೆಗೆಸಿದ ಹಲ್ಲುಗಳಲ್ಲಿ ಸಾಮಾನ್ಯವಾಗಿ ಅಗಲವಾದ ಕುಳಿಯೂ ಅದರ ತಳದಲ್ಲಿ ಬಿರುಕುಗಳೂ ಸಿಗುವುದರಿಂದ ಅವೇ ಆನ್‌ಲೇಗೆ ಬರುವ ಹಲ್ಲುಗಳಲ್ಲಿ ಒಂದು ದೊಡ್ಡ ಪಾಲು.

ತಯಾರಿಕೆ ಮತ್ತು ಜೋಡಣೆ

ಸಾಮಾನ್ಯ ಕ್ರಮದಲ್ಲಿ ಎರಡು ಭೇಟಿಗಳು ಬೇಕಾಗುತ್ತವೆ. ಮೊದಲ ಭೇಟಿಯಲ್ಲಿ ಹುಳುಕನ್ನು ಅಥವಾ ಹಳೆಯ ಫಿಲ್ಲಿಂಗನ್ನು ತೆಗೆದು ಕುಳಿಗೆ ಆಕಾರ ಕೊಡುತ್ತಾರೆ. ಸೆರಾಮಿಕ್ ಆದರೆ ಒಳಮೂಲೆಗಳೆಲ್ಲ ದುಂಡಗಿರಬೇಕು, ಚೂಪಾದ ಮೂಲೆಯಲ್ಲಿ ಒತ್ತಡ ಕೂಡಿ ತುಣುಕು ಒಡೆಯುತ್ತದೆ. ಹೊದಿಸುವ ಉಬ್ಬನ್ನು 1.5ರಿಂದ 2 ಮಿಲಿಮೀಟರಿನಷ್ಟು ತಗ್ಗಿಸುತ್ತಾರೆ. ಬಯಲಾದ ಡೆಂಟಿನ್ನಿಗೆ ಆಗಲೇ ಅಂಟಿನ ತೆಳು ಲೇಪ ಹಚ್ಚಿ ಮುಚ್ಚುವುದು ಒಳ್ಳೆಯ ಕ್ರಮವೆನಿಸಿದೆ. ಇದರಿಂದ ಮುಂದೆ ಹಿಡಿತವೂ ಹೆಚ್ಚುತ್ತದೆ, ನಡುವಿನ ದಿನಗಳಲ್ಲಿ ಹಲ್ಲು ಜುಮ್ಮೆನ್ನುವುದೂ ಕಡಿಮೆಯಾಗುತ್ತದೆ. ಬಳಿಕ ರಬ್ಬರಿನಂಥ ದ್ರವ್ಯದಿಂದ ಅಥವಾ ಬಾಯಿಯೊಳಗೆ ಆಡಿಸುವ ಸ್ಕ್ಯಾನರಿನಿಂದ ಅಳತೆ ತೆಗೆದು, ತಾತ್ಕಾಲಿಕ ಹೊದಿಕೆ ಇಟ್ಟು ಕಳುಹಿಸುತ್ತಾರೆ. ದವಾಖಾನೆಯಲ್ಲೇ ಕೊರೆಯುವ ಯಂತ್ರವಿದ್ದರೆ ಎಲ್ಲವೂ ಒಂದೇ ಭೇಟಿಯಲ್ಲಿ ಮುಗಿಯುತ್ತದೆ.

ಅಂಟಿಸುವ ಹಂತವೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ತೇವ ತಡೆದು, ದಂತಕವಚವನ್ನು ಫಾಸ್ಫಾರಿಕ್ ಆಮ್ಲದಿಂದಲೂ ತುಣುಕಿನ ಒಳಮೈಯನ್ನು ಅದಕ್ಕೆ ತಕ್ಕ ಆಮ್ಲ ಮತ್ತು ಸೈಲೇನ್ ಎಂಬ ಜೋಡಕದಿಂದಲೂ ಸಿದ್ಧಪಡಿಸಿ, ರಾಳದ ಸಿಮೆಂಟಿನಿಂದ ಕೂರಿಸಿ ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಅಂಟುವ ಮೊದಲು ತೆಳು ಸೆರಾಮಿಕ್ ತುಣುಕು ಗಾಜಿನಂತೆ ಪೆಡಸು. ಅಂಟಿದ ಮೇಲೆ ಹಲ್ಲು ಅದಕ್ಕೆ ಆಧಾರವಾಗುತ್ತದೆ, ಅದು ಹಲ್ಲನ್ನು ಬಿಗಿಯುತ್ತದೆ. ಈ ಕಾರಣದಿಂದ, ಅಂಟಿಸುವ ಮುನ್ನ ರೋಗಿಗೆ ಗಟ್ಟಿಯಾಗಿ ಕಚ್ಚಲು ಹೇಳುವುದಿಲ್ಲ.

ಇತಿಹಾಸ

ಪ್ರಾಚೀನ ಮಾಯಾ ಜನರು ಮುಂಬಲ್ಲುಗಳಲ್ಲಿ ಗುಂಡಗೆ ಕೊರೆದು ಹಸಿರು ಜೇಡ್ ಮತ್ತು ಪೈರೈಟ್ ಕಲ್ಲುಗಳನ್ನು ಕೂರಿಸುತ್ತಿದ್ದರು. ಅದು ಅಲಂಕಾರಕ್ಕಾಗಿ, ಚಿಕಿತ್ಸೆಗಲ್ಲ.

ಆಧುನಿಕ ಇನ್‌ಲೇಯ ಕಥೆ ಮೇಣದಿಂದ ಶುರುವಾಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ ನ್ಯೂಯಾರ್ಕಿನ ದಂತವೈದ್ಯರ ಮುಂದೆ ಒಂದು ವಿಧಾನವನ್ನು ಮಂಡಿಸಿದರು. ಕುಳಿಯ ಆಕಾರದ ಮೇಣದ ತುಣುಕನ್ನು ಮಾಡಿ, ಅದರ ಸುತ್ತ ಬೆಂಕಿ ತಡೆಯುವ ಗಾರೆ ಸುರಿದು, ಕಾಯಿಸಿ ಮೇಣವನ್ನು ಕರಗಿಸಿ ಓಡಿಸಿ, ಆ ಪೊಳ್ಳಿಗೆ ಕರಗಿದ ಚಿನ್ನವನ್ನು ಒತ್ತಡದಿಂದ ತುಂಬುವುದು ಆ ವಿಧಾನ. ಟ್ಯಾಗರ್ಟ್ ಇದಕ್ಕೆ ಪೇಟೆಂಟ್ ಪಡೆದು ಬಳಸುವವರಿಂದ ಹಣ ಕೇಳಿದಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಅಯೋವಾ ರಾಜ್ಯದ ಬಿ. ಎಫ್. ಫಿಲ್‌ಬ್ರೂಕ್ ಎಂಬ ದಂತವೈದ್ಯರು ಹತ್ತು ವರ್ಷ ಮೊದಲೇ ಇದೇ ಬಗೆಯ ಎರಕವನ್ನು ವಿವರಿಸಿದ್ದುದು ಬೆಳಕಿಗೆ ಬಂದು ಪೇಟೆಂಟ್ ನಿಲ್ಲಲಿಲ್ಲ. ಮೇಣದ ಅಚ್ಚಿನ ಎರಕವಂತೂ ಇವರಿಬ್ಬರಿಗಿಂತ ಎಷ್ಟೋ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಲೋಹದ ವಿಗ್ರಹಗಳನ್ನು ಹೀಗೆ ಎರೆಯುವ ಕ್ರಮದ ವಿವರಣೆಯಿದೆ. ದಂತವೈದ್ಯಕ್ಕೆ ಹೊಸದಾಗಿ ಬೇಕಾದದ್ದು ನಿಖರತೆ. ಚಿನ್ನದ ಮಿಶ್ರಲೋಹ ಆರುವಾಗ ಉದ್ದದಲ್ಲಿ ಶೇ. 1.5ರ ಆಸುಪಾಸು ಕುಗ್ಗುತ್ತದೆ. ವಿಗ್ರಹದಲ್ಲಿ ಇದು ಯಾರ ಕಣ್ಣಿಗೂ ಬೀಳದು, ಹಲ್ಲಿನಲ್ಲಿ ಅಷ್ಟರಿಂದಲೇ ತುಣುಕು ಕೂರದೆ ಹೋಗುತ್ತದೆ. ಕಾಯಿಸಿದಾಗ ಅಷ್ಟೇ ಪ್ರಮಾಣದಲ್ಲಿ ಹಿಗ್ಗುವ ಗಾರೆಗಳನ್ನು ರೂಪಿಸಿದ ಮೇಲೆ ಈ ತೊಂದರೆ ನೀಗಿತು.

ಎರಡನೆಯ ತಿರುವು ಅಂಟಿನದು. 1955ರಲ್ಲಿ ಮೈಕಲ್ ಬ್ಯುನೊಕೋರ್ ಫಾಸ್ಫಾರಿಕ್ ಆಮ್ಲ ಸವರಿದ ದಂತಕವಚಕ್ಕೆ ರಾಳ ಗಟ್ಟಿಯಾಗಿ ಅಂಟುತ್ತದೆಂದು ತೋರಿಸಿದರು. ಅಲ್ಲಿಯವರೆಗೆ ತುಣುಕು ನಿಲ್ಲುತ್ತಿದ್ದುದು ಕುಳಿಯ ಸಮಾನಾಂತರ ಗೋಡೆಗಳ ಬಿಗಿತದಿಂದ. ಅದಕ್ಕಾಗಿ ಆರೋಗ್ಯವಾದ ಹಲ್ಲನ್ನು ಕೊರೆಯಲೇಬೇಕಿತ್ತು. 1980ರ ದಶಕದಲ್ಲಿ ಪಿಂಗಾಣಿಯನ್ನೂ ಆಮ್ಲದಿಂದ ಒರಟಾಗಿಸಿ ಅಂಟಿಸಬಹುದೆಂದು ಸ್ಥಿರಪಟ್ಟಾಗ ಹಲ್ಲಿನ ಬಣ್ಣದ ಆನ್‌ಲೇ ಕಾರ್ಯಸಾಧ್ಯವಾಯಿತು. ಅದೇ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ವರ್ನರ್ ಮೋರ್ಮನ್, ಇಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಅವರೊಡನೆ ಸೆರೆಕ್ ಯಂತ್ರವನ್ನು ರೂಪಿಸಿದರು. ಪುಟ್ಟ ಕ್ಯಾಮೆರಾದಿಂದ ಕುಳಿಯ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಆಕಾರ ಬಿಡಿಸಿ, ಸೆರಾಮಿಕ್ ತುಂಡಿನಿಂದ ಇನ್‌ಲೇ ಕೊರೆಯುವ ಆ ಯಂತ್ರದಿಂದ ಮೊದಲ ರೋಗಿಗೆ ಚಿಕಿತ್ಸೆಯಾದದ್ದು 1985ರ ಸೆಪ್ಟೆಂಬರಿನಲ್ಲಿ.

ಬಾಳಿಕೆ ಮತ್ತು ವೈಫಲ್ಯ

2016ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ವಿಮರ್ಶೆಯ ಅಂದಾಜಿನಂತೆ ಸೆರಾಮಿಕ್ ಇನ್‌ಲೇ, ಆನ್‌ಲೇ ಮತ್ತು ಓವರ್‌ಲೇಗಳಲ್ಲಿ ಐದು ವರ್ಷಗಳ ಬಳಿಕ ಶೇ. 92ರಿಂದ 95ರಷ್ಟು, ಹತ್ತು ವರ್ಷಗಳ ಬಳಿಕ ಶೇ. 91ರಷ್ಟು ಉಳಿದಿರುತ್ತವೆ. ವೈಫಲ್ಯಗಳಲ್ಲಿ ಒಡೆಯುವುದು ಅಥವಾ ಚಕ್ಕೆ ಏಳುವುದೇ ಹೆಚ್ಚು. ಅದರ ನಂತರದ ಸ್ಥಾನ ತಿರುಳಿನ ತೊಂದರೆಗಳದು. ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವುದೂ ತುಣುಕು ಕಳಚಿ ಬರುವುದೂ ವಿರಳ. ಇಂಥ ಅಂಕಿಗಳು ಬಹುತೇಕ ನುರಿತವರ ಕೈಯಲ್ಲಿ, ಆಯ್ದ ರೋಗಿಗಳಲ್ಲಿ ದೊರೆತವು ಎಂಬುದನ್ನು ಓದುವಾಗ ಗಮನದಲ್ಲಿಡಬೇಕು.

ಅಂಟಿಸಿದ ಮೊದಲ ಕೆಲವು ದಿನ ತಣ್ಣನೆಯದಕ್ಕೆ ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಕಚ್ಚಿದಾಗ ಆ ಹಲ್ಲೇ ಮೊದಲು ತಾಗಿದಂತೆನಿಸಿದರೆ ಎತ್ತರ ಸರಿಪಡಿಸಬೇಕು. ತಾನಾಗಿ ಬಂದು ಬಹಳ ಹೊತ್ತು ಇರುವ, ರಾತ್ರಿ ಎಚ್ಚರಗೊಳಿಸುವ ನೋವು ತಿರುಳಿನ ಉರಿಯೂತದ ಸೂಚನೆ. ಸಣ್ಣ ಚಕ್ಕೆ ಎದ್ದಿದ್ದರೆ ಕಾಂಪೋಸಿಟ್‌ನಿಂದ ಅಲ್ಲಿಯೇ ತುಂಬಬಹುದು. ಆನ್‌ಲೇ ಒಡೆಯದೆ ಇಡಿಯಾಗಿ ಕಳಚಿದ್ದರೆ, ಹಲ್ಲಿನಲ್ಲಿ ಹೊಸ ಹುಳುಕಿಲ್ಲದ ಪಕ್ಷದಲ್ಲಿ, ಒಳಮೈಯನ್ನು ಶುಚಿಮಾಡಿ ಅದನ್ನೇ ಮರಳಿ ಅಂಟಿಸುವುದುಂಟು. ಆದ್ದರಿಂದ ಕಳಚಿದ ತುಣುಕನ್ನು ಎಸೆಯದೆ ಪುಟ್ಟ ಡಬ್ಬಿಯಲ್ಲಿಟ್ಟು ವೈದ್ಯರ ಬಳಿಗೆ ಒಯ್ಯುತ್ತಾರೆ. ಮನೆಯಲ್ಲಿರುವ ಅಂಟಿನಿಂದ ತಾವೇ ಕೂರಿಸಿಕೊಂಡರೆ ತುಣುಕು ಓರೆಯಾಗಿ ಕೂರುತ್ತದೆ, ಒಳಮೈಯೂ ಮತ್ತೆ ಅಂಟಿಸಲಾಗದಂತೆ ಕೆಡುತ್ತದೆ.